ಮೂರನೆಯ ದಿನದ ಹಾಲುತುಪ್ಪ: ಗ್ರೀಕರ ಶವಸಂಸ್ಕಾರವನ್ನು ನಮ್ಮ ನೆಲದಿಂದ ಓದುವುದು

ಪ್ರಾಚೀನ ಗ್ರೀಕರ ಮರಣಾಚಾರಗಳು ನಮ್ಮ ಗುರುಮಠಗಳ ಪಾಠಗಳಲ್ಲಿ ಸಾಮಾನ್ಯವಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತವೆ. ಸಂತ ಪೌಲರು ಥೆಸಲೋನಿಯರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯವನ್ನು ವ್ಯಾಖ್ಯಾನಿಸುವಾಗ ಒಮ್ಮೆ, ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯಕ್ಕೆ ಬಂದಾಗ ಇನ್ನೊಮ್ಮೆ. ಎರಡೂ ಕಡೆ ಅವುಗಳಿಗೆ ಕೊಟ್ಟಿರುವ ಪಾತ್ರ ಒಂದೇ: ನಿರೀಕ್ಷೆಯಿಲ್ಲದ ಅನ್ಯಜನರ ಕತ್ತಲೆಯಾಗಿ ಹಿಂದೆ ನಿಂತು ಪುನರುತ್ಥಾನದ ವಿಶ್ವಾಸವನ್ನು ಬೆಳಗಿಸುವುದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಗುರುದೀಕ್ಷೆಯಾದ ವರ್ಷದಲ್ಲಿಯೇ ಯುವಗುರುವಿನ ಮುಂದೆ ಬಂದು ನಿಲ್ಲುವ ಪ್ರಶ್ನೆ ಬೇರೆ. ಮಣ್ಣು ಮಾಡಿದ ಮರುದಿನ ಮನೆಯ ಹಿರಿಯರೊಬ್ಬರು ಬಂದು, ‘ಸ್ವಾಮಿ, ನಾಳೆ ಬೆಳಿಗ್ಗೆ ಹಾಲುತುಪ್ಪ ಇಟ್ಟುಕೊಂಡಿದ್ದೇವೆ, ತಾವು ಸಮಾಧಿಯ ಹತ್ತಿರ ಬಂದು ಒಂದು ಪ್ರಾರ್ಥನೆ ಮಾಡಿಕೊಡಬೇಕು’ ಎಂದು ಕೇಳುತ್ತಾರೆ. ಹೋಗಬೇಕೇ, ಬೇಡವೇ?

ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಇದು ಅನ್ಯಮತದ ಆಚಾರ, ಕ್ರೈಸ್ತ ಗುರು ಅಲ್ಲಿ ನಿಲ್ಲತಕ್ಕದ್ದಲ್ಲ ಎಂಬುದು ಒಂದು. ಇದು ನಮ್ಮ ನೆಲದ ಸಂಸ್ಕೃತಿ, ಹೋಗಿ ಪವಿತ್ರಜಲ ಚಿಮುಕಿಸಿ ಬಂದರಾಯಿತು ಎಂಬುದು ಇನ್ನೊಂದು. ಅಲ್ಲಿ ನಿಜವಾಗಿ ಏನು ನಡೆಯುತ್ತದೆ, ಯಾರಿಗಾಗಿ ನಡೆಯುತ್ತದೆ ಎಂದು ಕೇಳುವ ಮೊದಲೇ ತೀರ್ಪು ಕೊಟ್ಟುಬಿಡುವುದು ಎರಡಕ್ಕೂ ಸಮಾನವಾದ ದೋಷ. ಧರ್ಮಸಭೆ ಈ ಪ್ರಶ್ನೆಯನ್ನು ಮೊದಲ ಬಾರಿಗೆ ಎದುರಿಸುತ್ತಿಲ್ಲ. ಗ್ರೀಕ್ ನುಡಿಯ ನಗರಗಳಲ್ಲಿ ಅದು ಇದೇ ಪ್ರಶ್ನೆಯೊಡನೆ ಶತಮಾನಗಳ ಕಾಲ ಸೆಣಸಿತು, ಮತ್ತು ಆ ಸೆಣಸಾಟದ ಬರಹಗಳು ಉಳಿದುಬಂದಿವೆ. ಆದುದರಿಂದ ಗ್ರೀಕರ ಶವಸಂಸ್ಕಾರದ ಅಧ್ಯಯನವು ಬೈಬಲ್ ವ್ಯಾಖ್ಯಾನದ ಅಲಂಕಾರವಲ್ಲ. ಮಲ್ಲೇಶ್ವರದಲ್ಲಿಯೋ ಚಾಮರಾಜಪೇಟೆಯಲ್ಲಿಯೋ ಸಾವಿನ ಮನೆಗೆ ಹೋಗುವ ಗುರುವಿಗೆ ಅದು ನೇರವಾಗಿ ಬೇಕಾದ ವಿದ್ಯೆ.

ಮೊದಲು ನಮ್ಮ ಆಚಾರವನ್ನೇ ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಶವವನ್ನು ಹೂಳುವ ಅನೇಕ ಸಮುದಾಯಗಳು ಮೂರನೆಯ ದಿನ, ಕೆಲವೆಡೆ ಐದನೆಯ ದಿನ, ಸಮಾಧಿಗೆ ಹೋಗಿ ಹಾಲು ಮತ್ತು ತುಪ್ಪವನ್ನು ಎರೆಯುತ್ತವೆ. ಸತ್ತವರಿಗೆ ಪ್ರಿಯವಾಗಿದ್ದ ತಿನಿಸುಗಳನ್ನು ಎಡೆ ಇಡುವುದೂ ಉಂಟು. ಹನ್ನೊಂದನೆಯ ದಿನಕ್ಕೋ ಅದರ ಆಸುಪಾಸಿಗೋ ತಿಥಿ, ಊಟ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಕಂಠೀರವ ಸ್ಟುಡಿಯೋದಲ್ಲಿ ಅವರ ತಂದೆತಾಯಿಯರ ಸಮಾಧಿಗಳ ಬಳಿಯೇ ಮಣ್ಣು ಮಾಡಿ, ನವೆಂಬರ್ 2ರಂದು ಹಾಲುತುಪ್ಪ ಬಿಟ್ಟುದನ್ನು ನಾಡೆಲ್ಲ ದೂರದರ್ಶನದಲ್ಲಿ ನೋಡಿತು. ಕಾಕತಾಳೀಯವಾಗಿ ಅದು ನಮ್ಮ ಸಕಲ ಮೃತರ ಸ್ಮರಣೆಯ ದಿನ. ನಮ್ಮ ವಿಶ್ವಾಸಿಗಳೂ ಅಂದು ಬೆಳಿಗ್ಗೆ ಮೈಸೂರು ರಸ್ತೆಯ, ಹೊಸೂರು ರಸ್ತೆಯ, ಕಲ್ಪಳ್ಳಿಯ ಸ್ಮಶಾನಗಳಲ್ಲಿ ಸಮಾಧಿ ತೊಳೆದು ಹೂ ಹಾಕಿ ಮೇಣದಬತ್ತಿ ಹಚ್ಚುವ ದಿನ. ಇಂಥ ಸಮುದಾಯಗಳ ಮೂಲದ ಕ್ರೈಸ್ತ ಕುಟುಂಬಗಳಲ್ಲಿ ಹಾಲುತುಪ್ಪವು ಕೆಲವೆಡೆ ಹಾಗೆಯೇ ಉಳಿದಿದೆ, ಕೆಲವೆಡೆ ಮೂರನೆಯ ದಿನದ ಬಲಿಪೂಜೆಯಾಗಿ ಮಾರ್ಪಟ್ಟಿದೆ, ಕೆಲವೆಡೆ ಎರಡೂ ಒಂದರ ಹಿಂದೆ ಒಂದು ನಡೆಯುತ್ತವೆ. ದಿನವನ್ನು ಸಾವಿನಿಂದ ಎಣಿಸಬೇಕೋ ಮಣ್ಣಿನಿಂದ ಎಣಿಸಬೇಕೋ ಎಂಬ ಚರ್ಚೆ ಮಾತ್ರ ಎಲ್ಲ ಮನೆಗಳಲ್ಲಿಯೂ ನಡೆಯುತ್ತದೆ.

ಅಥೆನ್ಸಿನ ಮನೆಗಳಲ್ಲಿಯೂ ಈ ಎಣಿಕೆ ಇತ್ತು. ಅವರ ‘ತ್ರಿತ’ ಎಂದರೆ ಮೂರನೆಯ ದಿನದ ಕಾರ್ಯ, ‘ಎನತ’ ಎಂದರೆ ಒಂಬತ್ತನೆಯ ದಿನದ್ದು, ‘ತ್ರಿಯಾಕೋಸ್ತಿಯಾ’ ಎಂದರೆ ಮೂವತ್ತನೆಯ ದಿನದ್ದು. ಮೂರನೆಯದನ್ನು ಯಾವ ದಿನದಿಂದ ಎಣಿಸುತ್ತಿದ್ದರು ಎಂಬುದರ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಮ್ಮ ಹಿರಿಯರ ವಾದವನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆ ದಿನಗಳ ಮೊದಲು ನಡೆಯುತ್ತಿದ್ದುದು ಹೀಗೆ. ಉಸಿರು ನಿಂತೊಡನೆ ಕಣ್ಣು ಬಾಯಿಗಳನ್ನು ಮುಚ್ಚುವುದು, ಮನೆಯ ಹೆಂಗಸರು ಶವಕ್ಕೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿ ಬಟ್ಟೆ ಉಡಿಸುವುದು, ಮಂಚದ ಮೇಲೆ ಮಲಗಿಸಿ ಬಂಧುಗಳ ದರ್ಶನಕ್ಕೆ ಇಡುವುದು. ಈ ಕೊನೆಯದಕ್ಕೆ ‘ಪ್ರೋಥೆಸಿಸ್’ ಎಂದು ಹೆಸರು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಸಮಾಧಿಗಳ ಮೇಲೆ ನಿಲ್ಲಿಸುತ್ತಿದ್ದ ಆಳೆತ್ತರದ ಮಡಕೆಗಳ ಮೇಲೆ ಇದೇ ದೃಶ್ಯ: ನಡುವೆ ಶವ, ಸುತ್ತಲೂ ತಲೆಯ ಮೇಲೆ ಕೈಯೆತ್ತಿ ಕೂದಲು ಕಿತ್ತುಕೊಳ್ಳುತ್ತಿರುವ ಹೆಂಗಸರು. ಮನೆಯ ಬಾಗಿಲಲ್ಲಿ ಬೇರೊಂದು ಮನೆಯಿಂದ ತಂದ ನೀರಿನ ಪಾತ್ರೆ ಇರುತ್ತಿತ್ತು. ಒಳಗೆ ಬಂದವರು ಹೊರಡುವಾಗ ಆ ನೀರನ್ನು ಮೈಮೇಲೆ ಚಿಮುಕಿಸಿಕೊಳ್ಳಬೇಕು, ಏಕೆಂದರೆ ಸಾವಿನ ಮನೆಗೆ ‘ಮಿಯಾಸ್ಮಾ’ ತಗಲಿರುತ್ತದೆ. ಈ ಪದವನ್ನು ಮಾಲಿನ್ಯ ಎಂದು ಅನುವಾದಿಸುವುದಕ್ಕಿಂತ ಸೂತಕ ಎಂದರೆ ನಮಗೆ ಕೂಡಲೇ ತಿಳಿಯುತ್ತದೆ. ಅನಂತರ ‘ಎಕ್‌ಫೋರಾ’, ಅಂದರೆ ಶವಯಾತ್ರೆ. ಹೂಳುವುದು ಅಥವಾ ಸುಡುವುದು. ಮರಳಿ ಬಂದು ಎಲ್ಲರೂ ಕೂಡಿ ಉಣ್ಣುವುದು. ಸಮಾಧಿಗೆ ಎರೆಯುತ್ತಿದ್ದುದು ಹಾಲು, ಜೇನು, ನೀರು, ದ್ರಾಕ್ಷಾರಸ, ಎಣ್ಣೆ. ಎಸ್ಕಿಲಸನ ‘ಪರ್ಷಿಯನ್ನರು’ ನಾಟಕದಲ್ಲಿ ರಾಣಿ ಗಂಡನ ಸಮಾಧಿಗೆ ಹೊತ್ತು ತರುವ ಪದಾರ್ಥಗಳ ಪಟ್ಟಿಯೂ ಇದೇ. ತುಪ್ಪದ ಬದಲು ಜೇನು ಮತ್ತು ಎಣ್ಣೆ. ಹಾಲು ಎರಡೂ ಕಡೆ ಇದೆ.

ಈ ಆಚಾರಗಳ ವಿಷಯದಲ್ಲಿ ರಾಜ್ಯ ಸುಮ್ಮನಿರಲಿಲ್ಲ. ಕ್ರಿಸ್ತಪೂರ್ವ ಆರನೆಯ ಶತಮಾನದ ಆದಿಯಲ್ಲಿ ಸೋಲೋನನು ಮಾಡಿದನೆನ್ನಲಾದ ಕಾನೂನಿನ ಪ್ರಕಾರ ಶವವನ್ನು ಸೂರ್ಯೋದಯಕ್ಕೆ ಮೊದಲು ಹೊರಗೆ ಒಯ್ಯಬೇಕು, ಗಂಡಸರು ಮುಂದೆ, ಹೆಂಗಸರು ಹಿಂದೆ, ಹತ್ತಿರದ ಬಂಧುಗಳಲ್ಲದ ಅರವತ್ತು ವರ್ಷದೊಳಗಿನ ಹೆಂಗಸರು ಹೋಗಕೂಡದು, ಮೈ ಪರಚಿಕೊಳ್ಳಕೂಡದು, ಸಮಾಧಿಯಲ್ಲಿ ಎತ್ತನ್ನು ಕಡಿಯಕೂಡದು. ಕೇಯೋಸ್ ದ್ವೀಪದ ಯೂಲಿಸ್ ಪಟ್ಟಣದಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಕೊನೆಯ ಭಾಗದ ಶಿಲಾಶಾಸನವೊಂದು ದೊರೆತಿದೆ. ಹೊದಿಸುವ ಬಟ್ಟೆ ಮೂರಕ್ಕೆ ಮೀರದಿರಲಿ, ಸಮಾಧಿಗೆ ಒಯ್ಯುವ ದ್ರಾಕ್ಷಾರಸ ಮೂರು ಅಳತೆಗೆ, ಎಣ್ಣೆ ಒಂದು ಅಳತೆಗೆ ಮೀರದಿರಲಿ ಎಂದು ವಿಧಿಸಿ, ಮೂವತ್ತನೆಯ ದಿನದ ಕಾರ್ಯವನ್ನು ಅದು ಪೂರ್ತಿಯಾಗಿ ನಿಷೇಧಿಸುತ್ತದೆ. ಕಾನೂನಿನಿಂದ ತಡೆಯಬೇಕಾಯಿತೆಂದರೆ ಜನ ಮಾಡುತ್ತಿದ್ದರು ಎಂದೇ ಅರ್ಥ. ಸಾವಿನ ಹೆಸರಿನಲ್ಲಿ ಶ್ರೀಮಂತ ಮನೆತನಗಳು ತಮ್ಮ ಬಲವನ್ನು ಬೀದಿಯಲ್ಲಿ ಮೆರೆಯದಂತೆ ನೋಡಿಕೊಳ್ಳುವುದು ಈ ಕಾನೂನುಗಳ ಒಂದು ಉದ್ದೇಶವಾಗಿತ್ತೆಂದು ಹೆಚ್ಚಿನ ಚರಿತ್ರೆಕಾರರ ಅಭಿಪ್ರಾಯ. ನಮ್ಮ ಸ್ಮಶಾನಗಳ ಗ್ರಾನೈಟ್ ಸ್ಪರ್ಧೆಯನ್ನು ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೆಲ್ಲ ಮಾಡುತ್ತಿದ್ದವರು ಸಾವಿನ ಆಚೆಗೆ ಏನಿದೆಯೆಂದು ನಂಬಿದ್ದರು? ವಿದ್ಯಾರ್ಥಿಗಳು ಇಲ್ಲಿಯೇ ಎಡವುತ್ತಾರೆ. ಹೋಮರನಲ್ಲಿ ಸತ್ತವರು ಬಲವಿಲ್ಲದ ನೆರಳುಗಳು. ಎಲ್ಯೂಸಿಸಿನ ರಹಸ್ಯದೀಕ್ಷೆ ಪಡೆದವರಿಗೆ ಮರಣಾನಂತರ ಒಳ್ಳೆಯದೊಂದು ಕಾದಿತ್ತು. ಪ್ಲೇಟೋ ‘ಫೀಡೋ’ ಸಂವಾದದಲ್ಲಿ ಚಿತ್ರಿಸುವ ಸಾಕ್ರಟೀಸನು, ತನ್ನನ್ನು ಹೇಗೆ ಹೂಳಬೇಕೆಂದು ಕೇಳಿದ ಗೆಳೆಯನಿಗೆ, ನಿಮ್ಮ ಕೈಗೆ ನಾನು ಸಿಕ್ಕಿದರೆ ಹೇಗಾದರೂ ಹೂಳಿ ಎಂಬರ್ಥದ ಮಾತು ಹೇಳಿ ನಗುತ್ತಾನೆ. ಎಪಿಕ್ಯೂರಸನಿಗೆ ಸಾವಿನ ನಂತರ ಏನೂ ಇಲ್ಲ. ಆದರೂ ತನ್ನ ತಂದೆತಾಯಿ ಸೋದರರಿಗೆ ಸಲ್ಲುವ ಮರಣಕಾಣಿಕೆಗಳು ನಡೆಯುತ್ತಿರಲಿ ಎಂದು ಅವನ ಉಯಿಲು ಹೇಳುತ್ತದೆ. ಅಂದರೆ ಒಂದಕ್ಕೊಂದು ಹೊಂದದ ನಂಬಿಕೆಗಳ ಜನ ಒಂದೇ ಬಗೆಯ ಕರ್ಮವನ್ನು ಮಾಡುತ್ತಿದ್ದರು. ಕರ್ಮವನ್ನು ನೋಡಿ ನಂಬಿಕೆಯನ್ನು ಊಹಿಸುವುದು ಅಪಾಯಕರ. ಸತ್ತವನ ಬಾಯಿಯಲ್ಲಿ ಇಡುತ್ತಿದ್ದ ನಾಣ್ಯದ ಕಥೆಯೂ ಅಷ್ಟೆ. ಅಂಬಿಗ ಕ್ಯಾರನನಿಗೆ ಕೊಡುವ ಕೂಲಿಯೆಂದು ಸಾಹಿತ್ಯ ಅದನ್ನು ಎಲ್ಲರ ಆಚಾರವೆಂಬಂತೆ ಹೇಳುತ್ತದೆ. ಅಗೆದು ನೋಡಿದರೆ ನಾಣ್ಯ ಸಿಕ್ಕುವುದು ಸಮಾಧಿಗಳ ಅಲ್ಪಭಾಗದಲ್ಲಿ ಮಾತ್ರ. ಗ್ರಂಥ, ಚಿತ್ರ, ಅಸ್ಥಿ ಇವು ಮೂರು ಬೇರೆ ಬೇರೆ ಸಾಕ್ಷಿಗಳು. ಒಂದರ ಬಾಯಿಂದ ಇನ್ನೊಂದರ ಮಾತನ್ನು ಆಡಿಸಬಾರದು.

ಹೂಳುವುದು ಮತ್ತು ಸುಡುವುದು ಎಂಬ ಭೇದಕ್ಕೂ ಇದೇ ಎಚ್ಚರ ಬೇಕು. ಅಥೆನ್ಸಿನ ಒಂದೇ ಸ್ಮಶಾನದಲ್ಲಿ, ಒಂದೇ ಕಾಲದಲ್ಲಿ, ಎರಡೂ ನಡೆಯುತ್ತಿದ್ದವು. ಬೆಂಗಳೂರಿನ ಹಳೆಯ ಪೇಟೆಗಳಲ್ಲಿಯೂ ಹಾಗೆಯೇ. ಒಂದೇ ಬೀದಿಯಲ್ಲಿ ಬ್ರಾಹ್ಮಣರ ಮನೆಯವರು ಸುಡುತ್ತಾರೆ. ಲಿಂಗಾಯತರು ಇಷ್ಟಲಿಂಗವನ್ನು ಕೈಯಲ್ಲಿಟ್ಟು ಕುಳಿತ ಭಂಗಿಯಲ್ಲಿ ಹೂಳುತ್ತಾರೆ, ಮತ್ತು ಅವರ ಸಿದ್ಧಾಂತ ಮರಣಸೂತಕವನ್ನೇ ನಿರಾಕರಿಸುತ್ತದೆ. ಮುಸಲ್ಮಾನರೂ ನಾವೂ ಮಲಗಿಸಿ ಹೂಳುತ್ತೇವೆ. ದಹನವು ಸ್ವತಃ ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಲ್ಲವೆಂದು ರೋಮಿನ ಪವಿತ್ರ ಕಾರ್ಯಾಲಯವು 1963ರಲ್ಲಿಯೇ ಹೇಳಿತು. ದೇಹದ ಪುನರುತ್ಥಾನವನ್ನು ಅಲ್ಲಗಳೆಯಲೆಂದೇ ದಹನವನ್ನು ಆರಿಸಿಕೊಂಡರೆ ಮಾತ್ರ ಅಡ್ಡಿ. ತೂಗಬೇಕಾದುದು ಕ್ರಿಯೆಯನ್ನಲ್ಲ, ಅದರ ಹಿಂದಿನ ಕಾರಣವನ್ನು, ಎಂಬ ಈ ನಿಲುವು ಮುಂದೆ ನಮಗೆ ಬೇಕಾಗುತ್ತದೆ.

ಕಲ್ಲುಗಳ ಸಾಕ್ಷಿ ಇನ್ನೂ ಸ್ವಾರಸ್ಯಕರ, ಮತ್ತು ಇಲ್ಲಿ ಕನ್ನಡಿಗನಿಗೆ ಗ್ರೀಕ್ ವಿದ್ಯಾರ್ಥಿಗಿಲ್ಲದ ಅನುಕೂಲವಿದೆ. ನೃಪತುಂಗ ರಸ್ತೆಗೆ ಹಿಂದೆ ಸೆನೋಟಾಫ್ ರಸ್ತೆಯೆಂಬ ಹೆಸರಿತ್ತು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಸೈನ್ಯದವರ ನೆನಪಿನ ಕಂಬ ಅಲ್ಲಿತ್ತು. 1964ರಲ್ಲಿ ಅದನ್ನು ತೆಗೆದುಹಾಕಲಾಯಿತು. ಸೆನೋಟಾಫ್ ಎಂಬುದು ಗ್ರೀಕ್ ಪದ: ‘ಕೆನೋಸ್’ ಎಂದರೆ ಬರಿದು, ‘ತಾಫೋಸ್’ ಎಂದರೆ ಸಮಾಧಿ. ಅದೇ ರಸ್ತೆಯ ಮಿಥಿಕ್ ಸೊಸೈಟಿಯು ಈಗ ಬೆಂಗಳೂರು ಸುತ್ತಿನ ಶಾಸನಗಳನ್ನೂ ವೀರಗಲ್ಲುಗಳನ್ನೂ ಡಿಜಿಟಲ್ ರೂಪದಲ್ಲಿ ದಾಖಲಿಸುತ್ತಿದೆ. 2018ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು ಕ್ರಿಸ್ತಶಕ 750ರ ಕಾಲದ್ದು. ಬೆಂಗಳೂರೆಂಬ ಹೆಸರನ್ನು ಮೊದಲ ಬಾರಿಗೆ ನಮಗೆ ತಿಳಿಸುವ, ಸುಮಾರು 900ರ ಕಾಲದ ಬೇಗೂರಿನ ಕಲ್ಲು ಕೂಡ ಕಾಳಗವೊಂದರಲ್ಲಿ ಸತ್ತವನ ಸ್ಮಾರಕವೇ. ಒಂದರ್ಥದಲ್ಲಿ ನಮ್ಮ ನಗರ ಚರಿತ್ರೆಯೊಳಗೆ ಕಾಲಿಡುವುದೇ ಒಂದು ಸಾವಿನ ಮೂಲಕ.

ವೀರಗಲ್ಲಿನ ಸಾಮಾನ್ಯ ವಿನ್ಯಾಸವನ್ನು ನೆನೆಯಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಇದರ ಪಕ್ಕದಲ್ಲಿ ಅಥೆನ್ಸಿನ ಕೆರಮೈಕೋಸ್ ಸ್ಮಶಾನದ ಡೆಕ್ಸಿಲಿಯೋಸನ ಕಲ್ಲನ್ನು ಇಡಿ. ಕ್ರಿಸ್ತಪೂರ್ವ 394ರಲ್ಲಿ ಕೊರಿಂಥದ ಯುದ್ಧದಲ್ಲಿ, ಇಪ್ಪತ್ತರ ಹರೆಯದಲ್ಲಿ ಸತ್ತ ಕುದುರೆ ಸವಾರ ಅವನು. ಕಲ್ಲಿನಲ್ಲಿ ಅವನು ಬದುಕಿದ್ದಾನೆ. ಕುದುರೆಯ ಮೇಲಿಂದ ಶತ್ರುವನ್ನು ಇರಿಯುತ್ತಿದ್ದಾನೆ. ಮೇಲಿನ ಪಟ್ಟಿಕೆ ಇಲ್ಲ, ಹೊತ್ತೊಯ್ಯುವವರಿಲ್ಲ, ಸ್ವರ್ಗವಿಲ್ಲ. ಅದೇ ಸ್ಮಶಾನದ ಹೆಗೆಸೋ ಎಂಬ ಗೃಹಿಣಿ ದಾಸಿ ಹಿಡಿದ ಪೆಟ್ಟಿಗೆಯಿಂದ ಒಡವೆಯೊಂದನ್ನು ಎತ್ತಿ ನೋಡುತ್ತ ಕುಳಿತಿದ್ದಾಳೆ. ಗ್ರೀಕ್ ಕಲ್ಲು ಹಿಂದಕ್ಕೆ, ಕಳೆದುಹೋದ ಬದುಕಿನ ಕಡೆಗೆ ನೋಡುತ್ತದೆ. ಕನ್ನಡದ ಕಲ್ಲು ಮೇಲಕ್ಕೆ ನೋಡುತ್ತದೆ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಪೌಲರು ಥೆಸಲೋನಿಯರಿಗೆ ಹೇಳಿದುದರ ತೂಕ ಈ ಹೋಲಿಕೆಯಿಂದ ತಿಳಿಯುತ್ತದೆಯೇ ಹೊರತು ಕೈಪಿಡಿಗಳಿಂದಲ್ಲ. ಪೌಲರು ಅಳಬೇಡಿ ಎನ್ನಲಿಲ್ಲ. ಇತ್ತ ನಮ್ಮ ನೆಲದಲ್ಲಿ ಸುವಾರ್ತೆ ಎದುರಾದುದು ನಿರೀಕ್ಷೆಯಿಲ್ಲದ ಜನರನ್ನಲ್ಲ, ಬೇರೆ ನಿರೀಕ್ಷೆಯಿದ್ದ ಜನರನ್ನು. ನಮ್ಮ ಧರ್ಮೋಪದೇಶಗಳಲ್ಲಿ ಈ ಭೇದ ಬಹುತೇಕ ಕಾಣುವುದೇ ಇಲ್ಲ.

ಸತ್ತವರ ಕಲ್ಲಿಗೆ ಸೇವೆ ಸಲ್ಲಬೇಕೆಂಬುದೂ ಎರಡೂ ಕಡೆ ಇದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 949ರ ಆತಕೂರು ಶಾಸನವು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಹಾಕಿಸಿದ್ದು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದು ಅದು ಶಪಿಸುತ್ತದೆ. ಗ್ರೀಕರಲ್ಲಿ ಮನೆಯ ಸತ್ತವರಿಗೆ ವರ್ಷಕ್ಕೊಮ್ಮೆ ‘ಗೆನೆಸಿಯಾ’ ಇತ್ತು. ಅಥೆನ್ಸಿನಲ್ಲಿ ಅದು ಬೀಳುತ್ತಿದ್ದುದು ಹೆಚ್ಚುಕಡಿಮೆ ನಮ್ಮ ಮಹಾಲಯ ಅಮಾವಾಸ್ಯೆಯ ಋತುವಿನಲ್ಲಿ. ಇಂಥ ಹೋಲಿಕೆಗಳಿಂದ ಒಂದೇ ಮೂಲವನ್ನು ಊಹಿಸುವ ಚಪಲವನ್ನು ಬಿಡುವುದು ಒಳ್ಳೆಯದು. ಸತ್ತವರನ್ನು ಬರಿಗೈಯಲ್ಲಿ ಕಳುಹಿಸಲಾರದ ಮನಸ್ಸು ಎಲ್ಲ ಕಡೆಯೂ ಇದೆ, ಅಷ್ಟೆ.

ಆಚಾರದ ಬೆಲೆ ತಿಳಿಯುವುದು ಅದು ಮುರಿದು ಬಿದ್ದಾಗ. ಕ್ರಿಸ್ತಪೂರ್ವ 430ರ ಅಥೆನ್ಸಿನ ಮಹಾಮಾರಿಯನ್ನು ಸ್ವತಃ ಅನುಭವಿಸಿ ಬದುಕಿದ ಥುಸಿಡಿಡೀಸನು, ಜನರು ಬೇರೆಯವರು ಒಟ್ಟಿದ ಚಿತೆಯ ಮೇಲೆ ತಮ್ಮ ಶವವನ್ನಿಟ್ಟು ಬೆಂಕಿ ಹಚ್ಚಿದುದನ್ನೂ, ಉರಿಯುತ್ತಿದ್ದ ಚಿತೆಗೆ ತಾವು ಹೊತ್ತು ತಂದುದನ್ನು ಎಸೆದು ಹೋದುದನ್ನೂ ಬರೆದಿಟ್ಟಿದ್ದಾನೆ. 1990ರ ದಶಕದಲ್ಲಿ ಅಥೆನ್ಸಿನ ಮೆಟ್ರೋ ಕಾಮಗಾರಿಗೆಂದು ಕೆರಮೈಕೋಸಿನ ಬಳಿ ಅಗೆದಾಗ ಆ ಕಾಲದ್ದೆಂದು ತಿಳಿಯಲಾದ ಗುಂಡಿಯೊಂದು ಸಿಕ್ಕಿತು. ಸುಮಾರು 150 ಶವಗಳು, ಕೆಳಗಿನ ಪದರಗಳಲ್ಲಿ ತುಸು ಅಚ್ಚುಕಟ್ಟಾಗಿ, ಮೇಲೆ ಹೋದಂತೆ ಹೇಗೆಂದರೆ ಹಾಗೆ. ಇದಕ್ಕೆ ಕೆಲವೇ ತಿಂಗಳ ಹಿಂದೆ ಅದೇ ನಗರ ಯುದ್ಧದಲ್ಲಿ ಮಡಿದವರ ಅಸ್ಥಿಗಳನ್ನು ಸೈಪ್ರೆಸ್ ಮರದ ಪೆಟ್ಟಿಗೆಗಳಲ್ಲಿಟ್ಟು ಕುಲಕ್ಕೊಂದರಂತೆ ಮೆರವಣಿಗೆಯಲ್ಲಿ ಒಯ್ದಿತ್ತು. ಆ ಮೆರವಣಿಗೆಯಲ್ಲಿ ಬರಿದಾದ ಚಟ್ಟವೊಂದು ಇರುತ್ತಿತ್ತು, ಶವ ಸಿಕ್ಕದವರಿಗಾಗಿ. ಕ್ರಿಸ್ತಪೂರ್ವ 406ರಲ್ಲಿ ಆರ್ಗಿನೂಸೆಯ ಕಡಲಕಾಳಗವನ್ನು ಗೆದ್ದ ಸೇನಾನಿಗಳಲ್ಲಿ ಆರು ಮಂದಿಯನ್ನು ಅದೇ ಅಥೆನ್ಸ್ ಕೊಂದಿತು. ಬಿರುಗಾಳಿಯಲ್ಲಿ ನೀರಿಗೆ ಬಿದ್ದವರನ್ನು ಮೇಲೆತ್ತಲಿಲ್ಲ ಎಂಬುದು ಅವರ ಮೇಲಿನ ಆರೋಪ.

ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ತರುವಾಯ ಬೆಳೆದ ಬಡಾವಣೆಗಳು; ಅವುಗಳ ಅಗಲವಾದ ರಸ್ತೆಗಳಲ್ಲಿಯೇ ಒಂದು ಮಹಾಮಾರಿಯ ನೆನಪಿದೆ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ನಗರದ ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲಿ ಚಿತೆಗಳನ್ನು ಒಟ್ಟಬೇಕಾಯಿತು. ಆ ವರ್ಷದ ಜೂನ್‌ನಲ್ಲಿ, ವಾರಸುದಾರರು ಬಾರದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು ರಾಜ್ಯ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಕಂದಾಯ ಸಚಿವರು ಮುಂದೆ ನಿಂತು ವಿಧಿಗಳನ್ನು ನಡೆಸಿದರು. ಸತ್ತವರಲ್ಲಿ ಯಾರು ಯಾವ ಮತದವರೋ, ಅದನ್ನು ಆ ಗಳಿಗೆಯಲ್ಲಿ ವಿಂಗಡಿಸುವವರಿರಲಿಲ್ಲ. ಅಥೆನ್ಸಿನ ಬರಿದಾದ ಚಟ್ಟದ ಅರ್ಥ ಅಂದು ನಮಗೆ ಯಾವ ಟಿಪ್ಪಣಿಯೂ ಇಲ್ಲದೆ ತಿಳಿಯಿತು. ಆ ದಿನಗಳಲ್ಲಿ ಮುಖ ನೋಡದೆ ಮಣ್ಣು ಮಾಡಿದ ಕುಟುಂಬಗಳು ಇಂದಿಗೂ ಪಾಪನಿವೇದನೆಯಲ್ಲಿ ಆ ಮಾತನ್ನು ಪಾಪವೆಂಬಂತೆ ಹೇಳಿಕೊಳ್ಳುವುದುಂಟೆಂದು ಅನೇಕ ಗುರುಗಳು ಬಲ್ಲರು. ಅದು ಪಾಪವಲ್ಲ. ಮಾಡಲಾಗದೆ ಉಳಿದ ಪ್ರೋಥೆಸಿಸ್ ಅದು.

ಈಗ ಧರ್ಮಸಭೆಯ ಕಡೆಗೆ ತಿರುಗೋಣ. ಹೊಸ ಒಡಂಬಡಿಕೆಯ ಕ್ರೈಸ್ತರು ಸತ್ತವರನ್ನು ನೆರೆಯವರಂತೆಯೇ ನೋಡಿಕೊಂಡರು. ಯೊಪ್ಪದ ತಬಿಥಾಳಿಗೆ ಸ್ನಾನ ಮಾಡಿಸಿ ಮೇಲಂತಸ್ತಿನ ಕೋಣೆಯಲ್ಲಿ ಮಲಗಿಸಿದರು. ಸ್ತೇಫನರನ್ನು ಭಕ್ತರು ಹೂಳಿ ಗಟ್ಟಿಯಾಗಿ ಗೋಳಾಡಿದರು. ಮೊದಲ ದೊಡ್ಡ ಬದಲಾವಣೆ ಬಂದುದು ಸೂತಕದಲ್ಲಿ. ಮೂರನೆಯ ಶತಮಾನದ ಸಿರಿಯಾದ ‘ದಿದಸ್ಕಾಲಿಯಾ’ ಗ್ರಂಥವು ಶವವನ್ನು ಮುಟ್ಟಿದರೆ ಮೈಲಿಗೆಯಿಲ್ಲ ಎಂದು ಸ್ಪಷ್ಟವಾಗಿ ಬೋಧಿಸಿ, ಸಮಾಧಿಗಳ ಬಳಿ ಕೂಡಿ ಪರಮಪ್ರಸಾದ ಅರ್ಪಿಸಲು ಹೇಳುತ್ತದೆ. ಸ್ಮಶಾನಕ್ಕೆ ‘ಕೊಯ್ಮೆತೇರಿಯೋನ್’, ಮಲಗುವ ಮನೆ, ಎಂಬ ಹೆಸರನ್ನು ರೂಢಿಸಿದವರೂ ಕ್ರೈಸ್ತರೇ. ನಾವಾಡುವ ‘ಸೆಮೆಟ್ರಿ’ ಅದೇ ಪದ. ಕ್ರೈಸ್ತಮತವನ್ನು ತೊರೆದ ಚಕ್ರವರ್ತಿ ಜೂಲಿಯನ್ ನಾಲ್ಕನೆಯ ಶತಮಾನದಲ್ಲಿ ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ, ಈ ಜನ ಬೆಳೆಯಲು ಅವರು ಸತ್ತವರ ಸಮಾಧಿಗಳ ಬಗ್ಗೆ ವಹಿಸುವ ಕಾಳಜಿಯೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತಾನೆ. ಶತ್ರುವಿನ ಈ ಸಾಕ್ಷ್ಯ ಅಮೂಲ್ಯವಾದುದು.

ದಿನಗಳನ್ನು ಮಾತ್ರ ಅವರು ಬದಲಿಸಲಿಲ್ಲ. ಸುಮಾರು 380ರಲ್ಲಿ ಸಿರಿಯಾದಲ್ಲಿ ಗ್ರೀಕ್ ಭಾಷೆಯಲ್ಲಿ ಸಂಕಲಿತವಾದ ‘ಪ್ರೇಷಿತರ ಸಂವಿಧಾನಗಳು’ ಎಂಬ ಗ್ರಂಥದ ಎಂಟನೆಯ ಪುಸ್ತಕವು ಮೃತರ ಮೂರನೆಯ ದಿನವನ್ನು ಕೀರ್ತನೆ, ವಾಚನ, ಪ್ರಾರ್ಥನೆಗಳಿಂದ ಆಚರಿಸಲು ವಿಧಿಸುತ್ತದೆ. ಕಾರಣ: ಕ್ರಿಸ್ತರು ಮೂರನೆಯ ದಿನ ಎದ್ದರು. ಒಂಬತ್ತನೆಯ ದಿನ ಬದುಕಿರುವವರ ಮತ್ತು ಸತ್ತವರ ನೆನಪಿಗೆ. ಮುಂದಿನದು ಕೆಲವು ಹಸ್ತಪ್ರತಿಗಳಲ್ಲಿ ನಲವತ್ತನೆಯ, ಕೆಲವುಗಳಲ್ಲಿ ಮೂವತ್ತನೆಯ ದಿನ. ಇಸ್ರಯೇಲರು ಮೋಶೆಗಾಗಿ ಶೋಕಿಸಿದ ಮಾದರಿ. ಕೊನೆಗೆ ವರ್ಷದ ಸ್ಮರಣೆ, ಮತ್ತು ಸತ್ತವನ ಆಸ್ತಿಯಿಂದ ಬಡವರಿಗೆ ದಾನ. ತ್ರಿತ, ಎನತಗಳು ಎಲ್ಲಿಗೂ ಹೋಗಲಿಲ್ಲ; ಅವುಗಳ ಕೆಳಗೆ ಹೊಸ ಕಾರಣವೊಂದನ್ನು ಬರೆಯಲಾಯಿತು. ಅದೇ ಗ್ರಂಥ ಮುಂದೆ, ಇಂಥ ಊಟಗಳಿಗೆ ಕರೆದಾಗ ಮಿತವಾಗಿ ಉಣ್ಣಿರಿ, ಕುಡಿದು ಅಮಲೇರಬೇಡಿ ಎಂದು ಗುರುಗಳಿಗೂ ಸೇವಾದರ್ಶಿಗಳಿಗೂ ಬುದ್ಧಿ ಹೇಳುವುದನ್ನು ಕಂಡರೆ, ತಿಥಿಯೂಟಕ್ಕೆ ಗುರುಗಳನ್ನು ಕರೆಯುವ ಪದ್ಧತಿಯೂ ಅಷ್ಟೇ ಹಳೆಯದೆಂದು ತಿಳಿಯುತ್ತದೆ. ಪೂರ್ವದ ಆರ್ಥೊಡಾಕ್ಸ್ ಧರ್ಮಸಭೆಗಳು ಇಂದಿಗೂ ಮೂರನೆಯ, ಒಂಬತ್ತನೆಯ, ನಲವತ್ತನೆಯ ದಿನಗಳನ್ನು ಆಚರಿಸುತ್ತವೆ. ಸ್ಮರಣೆಯ ದಿನ ಗ್ರೀಕರು ಬೇಯಿಸಿದ ಗೋಧಿಯ ‘ಕೊಲ್ಲಿವ’ ತಂದು ಹಂಚುತ್ತಾರೆ. ಅದಕ್ಕೆ ಅವರು ಕೊಡುವ ಅರ್ಥ, ನೆಲಕ್ಕೆ ಬಿದ್ದು ಸತ್ತು ಫಲಕೊಡುವ ಕಾಳನ್ನು ಕುರಿತು ಯೇಸುಸ್ವಾಮಿ ಆಡಿದ ಮಾತು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಸಂತ ಆಗುಸ್ಟೀನರಿಗೆ ಒಂಬತ್ತನೆಯ ದಿನ ಹಿಡಿಸಲಿಲ್ಲ. ಅದಕ್ಕೆ ಶ್ರೀಗ್ರಂಥದ ಆಧಾರವಿಲ್ಲ, ಯೋಸೇಫನು ತಂದೆಗಾಗಿ ಆಚರಿಸಿದ ಏಳು ದಿನಗಳಿಗೆ ಆಧಾರವಿದೆ ಎಂದು ಅವರ ವಾದ. ಸಂತ ಯೊವಾನ್ನ ಕ್ರಿಸೊಸ್ತೋಮರು ಕೂಲಿಗೆ ಅಳುವ ಹೆಂಗಸರನ್ನು ಕರೆಸುವವರ ಮೇಲೆ ಹರಿಹಾಯ್ದರು. ನಮಗೆ ಇವೆಲ್ಲಕ್ಕಿಂತ ಹತ್ತಿರವಾದುದು ಆಗುಸ್ಟೀನರ ತಾಯಿ ಸಂತ ಮೋನಿಕಾ ಅವರ ಪ್ರಸಂಗ. ಆಫ್ರಿಕಾದ ರೂಢಿಯಂತೆ ಅವರು ಮಿಲಾನಿನಲ್ಲಿಯೂ ಗಂಜಿ, ರೊಟ್ಟಿ, ದ್ರಾಕ್ಷಾರಸಗಳ ಬುಟ್ಟಿ ಹೊತ್ತು ಹುತಾತ್ಮರ ಸಮಾಧಿಗಳಿಗೆ ಹೋದರು. ಧರ್ಮಾಧ್ಯಕ್ಷ ಅಂಬ್ರೋಸರು ಅದನ್ನು ನಿಷೇಧಿಸಿದ್ದಾರೆಂದು ಬಾಗಿಲು ಕಾಯುವವನು ತಡೆದನು. ಕುಡಿತಕ್ಕೆ ಅವಕಾಶವಾಗಬಾರದು, ಅನ್ಯಜನರ ಪಿತೃಕಾರ್ಯವನ್ನು ಹೋಲಬಾರದು ಎಂಬ ಎರಡು ಕಾರಣಗಳನ್ನು ಆಗುಸ್ಟೀನರು ಕೊಡುತ್ತಾರೆ. ಮೋನಿಕಾ ಸಮಾಧಿಗೆ ಹೋಗುವುದನ್ನು ಬಿಡಲಿಲ್ಲ. ಬುಟ್ಟಿಯನ್ನು ಬಿಟ್ಟರು, ಅದರಲ್ಲಿದ್ದುದು ಬಡವರ ಪಾಲಾಯಿತು.

ಹಾಗಾದರೆ ಹಾಲುತುಪ್ಪ? ದ್ವಿತೀಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿ ಸಂವಿಧಾನದ 81ನೆಯ ಪರಿಚ್ಛೇದವು ಶವಸಂಸ್ಕಾರದ ವಿಧಿ ಕ್ರೈಸ್ತ ಮರಣದ ಪಾಸ್ಖ ಸ್ವರೂಪವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಬೇಕು, ಜೊತೆಗೆ ಆಯಾ ಪ್ರದೇಶದ ಪರಂಪರೆಗಳಿಗೆ ಹೊಂದಬೇಕು ಎನ್ನುತ್ತದೆ. ಎರಡೂ ಒಂದೇ ಉಸಿರಿನಲ್ಲಿವೆ. ನಾವು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಉದ್ಧರಿಸುತ್ತೇವೆ. ನನ್ನ ತೀರ್ಮಾನ ಇದು: ಗುರು ಹೋಗಬೇಕು. ಮೂರನೆಯ ದಿನ ಸಮಾಧಿಯ ಬಳಿ ಕೂಡುವುದಕ್ಕೆ ಕ್ರೈಸ್ತ ಕಾರಣ ಹದಿನಾರು ಶತಮಾನಗಳಿಂದ ಸಿದ್ಧವಾಗಿದೆ. ಅಂದು ಬೆಳಿಗ್ಗೆ ಬರಿದಾದ ಸಮಾಧಿಯ ಸುವಾರ್ತೆಯನ್ನು ಓದದೆ ಬೇರೆ ಯಾವುದನ್ನು ಓದುವುದು? ಎರೆಯುವ ಹಾಲನ್ನು ತಡೆಯುವ ಅಗತ್ಯ ನನಗೆ ಕಾಣದು. ಆದರೆ ಮುಂಚಿತವಾಗಿ ಮನೆಗೆ ಹೋಗಿ ಕೇಳಬೇಕು. ಏಕೆ ಎರೆಯುತ್ತೀರಿ ಎಂದರೆ ‘ಅಮ್ಮನಿಗೆ ಕೊನೆಯದಾಗಿ ಒಂದು ತೊಟ್ಟು’ ಎಂಬ ಉತ್ತರ ಬಂದರೆ ಅದು ಪ್ರೀತಿಯ ಮಾತು, ತತ್ತ್ವವಲ್ಲ. ಅದನ್ನು ತಿದ್ದಲು ಹೊರಡುವುದು ಒರಟುತನ. ‘ಎರೆಯದಿದ್ದರೆ ಮನೆಗೆ ತಿರುಗಿ ಬಂದು ಕಾಡುತ್ತಾರೆ’ ಎಂದರೆ ಅಲ್ಲಿರುವುದು ಭಯ, ಮತ್ತು ಆ ಭಯದಿಂದ ಬಿಡಿಸುವುದು ಗುರುವಿನ ಕೆಲಸ. ಎಡೆಯನ್ನು ಕಾಗೆ ಮುಟ್ಟುವವರೆಗೆ ಕಾದು ನಿಂತು, ಮುಟ್ಟದಿದ್ದರೆ ಸತ್ತವರಿಗೆ ತೃಪ್ತಿಯಾಗಿಲ್ಲವೆಂದು ಅಳುವ ಮನೆಯಲ್ಲಿ ನಯವಾಗಿಯಾದರೂ ಸ್ಪಷ್ಟವಾಗಿ ಬೇಡವೆನ್ನಬೇಕು. ಸತ್ತವರು ದೇವರ ಕೈಯಲ್ಲಿದ್ದಾರೆ, ಕಾಗೆಯ ಕೊಕ್ಕಿನಲ್ಲಲ್ಲ.

ಹಾಲಿನ ಬಗ್ಗೆ ಇಷ್ಟು ಚರ್ಚಿಸುವ ನಾವು ಸೂತಕದ ಬಗ್ಗೆ ಸುಮ್ಮನಿರುವುದು ವಿಚಿತ್ರ. ದಿದಸ್ಕಾಲಿಯಾ ಅಳಿಸಿಹಾಕಿದ್ದ ಮೈಲಿಗೆ ನಮ್ಮಲ್ಲಿ ಜಾತಿಯ ರೂಪದಲ್ಲಿ ಮರಳಿ ಬಂದಿದೆ. ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕಥೋಲಿಕ ಸ್ಮಶಾನದೊಳಗೇ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯಿದೆ. ಕನ್ನಡ ಸೀಮೆಯ ಸ್ಮಶಾನಗಳಲ್ಲಿ ಅಂಥ ಗೋಡೆ ಇಲ್ಲದಿದ್ದರೂ ಗುಂಡಿ ತೋಡುವವರು ಯಾವ ಮನೆಯವರು, ಮೂರನೆಯ ದಿನದ ಊಟದ ಪಂಕ್ತಿಯಲ್ಲಿ ಅವರಿಗೆ ಎಲೆ ಎಲ್ಲಿ ಹಾಕುತ್ತಾರೆ ಎಂದು ನೋಡಿದರೆ ಸಾಕು. ಹಾಲುತುಪ್ಪಕ್ಕೆ ಕರೆಯಲು ಬಂದವರಿಗೆ ಗುರು ಕೇಳಬೇಕಾದ ಮೊದಲನೆಯ ಪ್ರಶ್ನೆ ಪಾತ್ರೆಯಲ್ಲಿ ಏನಿದೆ ಎಂಬುದಲ್ಲ, ಆ ದಿನ ಊಟಕ್ಕೆ ಯಾರನ್ನು ಕರೆದಿದ್ದೀರಿ ಎಂಬುದು.